ಒಂದೇ ಗೀರಿನ ಹಿಡಿಕೆ

“ಉಸ್ತಾದನ ಹೆಸರು ತಿಂದು ಬದುಕಾಕತ್ತೀ ಬಿಡಲೇ ವಾಸಿಂ. ನಿನ್ನ ಕೈಯಾಗ ಬೂದಿ ಐತಿ, ಬೂದಿ.”

ದುರುಗಪ್ಪ ಇದನ್ನು ಕಿವಿಯಲ್ಲಿ ಹೇಳಲಿಲ್ಲ. ಸಿಂಧನೂರು ಸಂತೆಯ ನಟ್ಟನಡುವೆ, ಚಹಾದಂಗಡಿಯ ಬೆಂಚಿನ ಮೇಲಿದ್ದವರೆಲ್ಲ ಕಪ್ಪು ಕೆಳಗಿಟ್ಟು ತಿರುಗಿ ನೋಡುವಷ್ಟು ಜೋರಾಗಿ ಹೇಳಿದ. ಹೇಳಿ, ಕಂಬಳಿಯೊಳಗಿಂದ ಒಂದು ಮಡಚುವ ಚಾಕು ತೆಗೆದು ವಾಸಿಂನ ಸಾಣೆಕಲ್ಲಿನ ಮುಂದೆ ಒಗೆದ. ಹಿಡಿಕೆಯ ಒಂದು ಮಗ್ಗುಲಿನ ಕೊಂಬಿನ ಪಟ್ಟಿ ಬಿಸಿಲಿಗೆ ಬಿದ್ದ ಹಳೆಯ ಚಪ್ಪಲಿಯಂತೆ ಡೊಂಕಾಗಿ, ಮೊಳೆ ಕಿತ್ತುಕೊಂಡು ಮೇಲೆದ್ದಿತ್ತು.

ದುರುಗಪ್ಪನ ಬಲಗೈಗೆ ಅರಿವೆ ಸುತ್ತಿತ್ತು. ಜವಳಗೇರಾದ ಕಡೆ ಕೊಯ್ಲಾದ ಗದ್ದೆಗಳಲ್ಲಿ ಅವನ ಕುರಿ ನಿಂತು ತಿಂಗಳಾಗಿತ್ತು. ಕಾಲುವೆ ನೀರಿನ ನೆಲ, ಹಸಿ ಆರುವುದೇ ಇಲ್ಲ. ಕುರಿಯ ಗೊರಸು ಮೆತ್ತಗಾಗಿ ಕೊಳೆಯಲು ಹತ್ತುತ್ತದೆ. ದಿನ ಬಿಟ್ಟು ದಿನ ಹೆರೆಯಬೇಕು. ಹೆರೆಯುತ್ತಿರುವಾಗಲೇ ಹಿಡಿಕೆ ಬಿಟ್ಟುಕೊಂಡು, ಅಲಗು ತಿರುಗಿ ಅಂಗೈಯನ್ನೇ ಸೀಳಿತ್ತು. ಆ ಅಲಗು ಅವನಪ್ಪನ ಕಾಲದ್ದು. ಮಸ್ಕಿಯ ಮಹಮ್ಮದಸಾಬ ಉಸ್ತಾದರು ಅದಕ್ಕೆ ಕೂಡಿಸಿದ್ದ ಮೊದಲ ಹಿಡಿಕೆ ಮೂವತ್ತು ವರ್ಷ ಬಾಳಿ, ಕಡೆಗೆ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿ ಸತ್ತಿತ್ತು. ಹೊಸದು ಕೂಡಿಸಿ ಕೊಟ್ಟು ಇನ್ನೂ ಮೂರು ತಿಂಗಳಾಗಿರಲಿಲ್ಲ.

“ಮುಂದಿನ ಸಂತಿಗೆ ಉಸ್ತಾದನ ಕೈಲೇ ಕೂಡಿಸಿಕೊಂಡು ಬಾ,” ಅಂದ ದುರುಗಪ್ಪ. “ನೀ ಮುಟ್ಟಿದಿ ಅಂದ್ರ, ಈ ಭಾಗದಾಗ ಕುರಿ ಕಾಯಾವ ಒಬ್ಬನೂ ನಿಮ್ಮ ಅಂಗಡಿ ಕಟ್ಟಿ ಹತ್ತಂಗಿಲ್ಲ. ನಾ ಹತ್ತಗೊಡಂಗಿಲ್ಲ.”

ಬೆಂಚಿನ ಮೇಲಿದ್ದ ಒಬ್ಬ ನಕ್ಕ. ವಾಸಿಂನ ಕಿವಿಯ ಬುಡ ಸುಟ್ಟಿತು. ಏಳು ವರ್ಷದ ಹಿಂದೆ ಉಸ್ತಾದರ ಹತ್ತಿರ ಕೆಲಸ ಕಲಿಯಲು ಬಂದಾಗಿನ ವಾಸಿಂ ಆಗಿದ್ದರೆ ಸಾಣೆಕಲ್ಲನ್ನೇ ಎತ್ತುತ್ತಿದ್ದ. ಶಾಲೆ ಬಿಟ್ಟದ್ದೇ ಹಾಗೆ: ಹೆಸರು ಹಿಡಿದು ಹಂಗಿಸಿದ ಮಾಸ್ತರರ ಮೇಲೆ ಅವರದೇ ಡಸ್ಟರ್ ಬೀಸಿ ಒಗೆದು, ಏಳನೇ ಇಯತ್ತೆಯ ನಡುವೆಯೇ ಹೊರಗೆ ಬಂದವನು ಅವನು. ಈಗ ಹಲ್ಲು ಕಚ್ಚಿ, ಚಾಕನ್ನು ಕಿಸೆಗೆ ಹಾಕಿಕೊಂಡು, ಗಂಟುಮೂಟೆ ಕಟ್ಟಿ ಮಸ್ಕಿ ಬಸ್ಸು ಹತ್ತಿದ.

ಬಸ್ಸಿನಲ್ಲಿ ಅವನನ್ನು ಕೊರೆದದ್ದು ಬೈಗುಳವಲ್ಲ. ತಪ್ಪು ತನ್ನದೇ ಇರಬಹುದೇ ಎಂಬ ಅನುಮಾನ. ಕೂಡಿಸಿದ ಹಿಡಿಕೆಗಳು ನೂರಾರು, ಇದೊಂದು ಅವನಿಗೆ ನೆನಪಿರಲಿಲ್ಲ.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಉಸ್ತಾದರು ಇಳಿಹೊತ್ತಿನ ಅಸರ್ ನಮಾಜಿಗೆ ಹೋಗಿದ್ದರು. ವಾಸಿಂ ಚಾಕನ್ನು ಕಟ್ಟಿಗೆಯ ತುಂಡಿನ ಮೇಲಿಟ್ಟು, ಉಳಿದ ಹಿತ್ತಾಳೆ ಮೊಳೆಗಳನ್ನು ಹೊಡೆದು ತೆಗೆದ. ಈ ಅಂಗಡಿಯಲ್ಲೊಂದು ಪದ್ಧತಿ ಉಂಟು. ಹಿಡಿಕೆ ಕೂಡಿಸುವವನು ಪಟ್ಟಿಯ ಕೆಳಗಿನ ಕಬ್ಬಿಣದ ಮೇಲೆ ಮೊಳೆಯಿಂದ ಗೀರು ಎಳೆಯಬೇಕು. ಉಸ್ತಾದರದು ಒಂದು ಗೀರು, ವಾಸಿಂನದು ಎರಡು. ಹಿಡಿಕೆ ಬಿಚ್ಚುವವರೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಚ್ಚುವ ದಿನ ಬಂತೆಂದರೆ, ಯಾರ ಕೈ ಸೋತಿತೆಂದು ಸುಳ್ಳು ಹೇಳಲು ಬರುವುದಿಲ್ಲ.

ಪಟ್ಟಿ ಎತ್ತಿದ. ಕಬ್ಬಿಣದ ಮೇಲೆ ಇದ್ದದ್ದು ಒಂದೇ ಗೀರು.

ವಾಸಿಂ ಬೆರಳಿಂದ ಒರೆಸಿ, ಬಾಗಿಲ ಬೆಳಕಿಗೆ ಹಿಡಿದು ಮತ್ತೆ ನೋಡಿದ. ಒಂದೇ. ಮೊದಲು ಒಳಗೊಳಗೆ ಹಿಗ್ಗಾಯಿತು. ಈಗಲೇ ಸಿಂಧನೂರಿಗೆ ವಾಪಸು ಹೋಗಿ, ಅದೇ ಚಹಾದಂಗಡಿಯ ಮುಂದೆ ಇದನ್ನು ದುರುಗಪ್ಪನ ಮೂಗಿಗೆ ಹಿಡಿಯಬೇಕು ಅನ್ನಿಸಿತು. ಆಮೇಲೆ ತಲೆ ಎತ್ತಿದ. ಒಳಮನೆಯ ಒಲೆಯ ಮೇಲೆ ತೂಗುತ್ತಿದ್ದ ಎರಡು ಬುಟ್ಟಿಗಳು ಕಂಡವು. ಹಿಗ್ಗು ಅಲ್ಲಿಗೇ ಇಳಿದುಹೋಯಿತು.

ಕೊಂಬನ್ನು ಉದ್ದಕ್ಕೆ ಸೀಳಿ, ಕಾದ ಎಣ್ಣೆಯಲ್ಲಿ ಮೆತ್ತಗೆ ಮಾಡಿ, ಎರಡು ಕಬ್ಬಿಣದ ಹಲಗೆಗಳ ನಡುವೆ ಒತ್ತಿದರೆ ಪಟ್ಟಿಯೇನೋ ಚಪ್ಪಟೆಯಾಗುತ್ತದೆ. ಆದರೆ ಅದಕ್ಕೆ ತನ್ನ ಹಳೆಯ ಡೊಂಕಿನ ನೆನಪು ಹೋಗಿರುವುದಿಲ್ಲ. ಒಂದು ಬೇಸಿಗೆ, ಒಂದು ಮಳೆಗಾಲ ಒಲೆಯ ಹೊಗೆಯಲ್ಲಿ ತೂಗಿದ ಮೇಲೆಯೇ ಅದು ಸುಮ್ಮನಾಗುವುದು. ಹಸಿ ಪಟ್ಟಿಯನ್ನು ಕೂಡಿಸಿದರೆ, ನೀರು ತಾಗಿದ ದಿನ ಅದು ಮತ್ತೆ ಎಮ್ಮೆಯ ತಲೆಯ ಮೇಲಿದ್ದ ಹಾಗೆಯೇ ಬಾಗಲು ಹೊರಡುತ್ತದೆ. ಅದಕ್ಕೇ ಎಡಬುಟ್ಟಿಯಲ್ಲಿ ಮಾಗಿದ ಪಟ್ಟಿ, ಬಲಬುಟ್ಟಿಯಲ್ಲಿ ಹಸಿ ಪಟ್ಟಿ. ಉಸ್ತಾದರ ಕೈ ನಲವತ್ತು ವರ್ಷದಿಂದ ಎಡಬುಟ್ಟಿಗೇ ಹೋಗುತ್ತಿತ್ತು. ರಮಜಾನಿನ ಮುಂಚೆ ಅವರ ಹೆಂಡತಿ ದಾವಲ್‌ಬೀ ಸುಣ್ಣ ಬಳಿಸಲೆಂದು ಬುಟ್ಟಿಗಳನ್ನು ಇಳಿಸಿದ್ದಳು. ತಿರುಗಿ ತೂಗುಹಾಕುವಾಗ ಅದಲು ಬದಲಾಗಿ, ಈಗ ಎಡಕ್ಕಿದ್ದದ್ದು ಹಸಿ ಪಟ್ಟಿ. ವಾಸಿಂ ಬಣ್ಣ ನೋಡಿ ಪಟ್ಟಿ ಆರಿಸುವವನು. ಅವನಿಗೆ ಇದು ಇವತ್ತಿನವರೆಗೆ ತಿಳಿದಿರಲೇ ಇಲ್ಲ. ಉಸ್ತಾದರ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಅವರು ಜಾಗ ನೋಡಿ ಕೈಹಾಕುವವರು.

ಅವರು ಇತ್ತೀಚೆಗೆ ಹಿಡಿಕೆ ಕೂಡಿಸುವುದೇ ಬಿಟ್ಟಿದ್ದರು. ಈ ಒಂದನ್ನು ಮಾತ್ರ ದುರುಗಪ್ಪನ ಅಪ್ಪನ ಮೇಲಿನ ಪ್ರೀತಿಗೆ, ವಾಸಿಂ ಲಿಂಗಸುಗೂರಿಗೆ ಹೋಗಿದ್ದ ದಿನ, ಕೂತು ಕೂಡಿಸಿದ್ದಿರಬೇಕು.

ಒಳಗಿಂದ ಉಳ್ಳಾಗಡ್ಡಿ ಹೆಚ್ಚುವ ಸದ್ದು ಬರುತ್ತಿತ್ತು. ದಾವಲ್‌ಬೀಯ ಕೈಯಲ್ಲಿದ್ದ ಚಾಕಿನ ಹಿಡಿಕೆ ಸುಟ್ಟು ಕಂದಾಗಿ, ತುದಿಯಲ್ಲಿ ಗುಳ್ಳೆ ಎದ್ದಿತ್ತು. ಅದು ವಾಸಿಂ ಒತ್ತಿದ ಮೊದಲ ಪಟ್ಟಿ. ಬಂದ ವರ್ಷ ಅವನು ಅವಸರಕ್ಕೆ ಎಣ್ಣೆ ಜಾಸ್ತಿ ಕಾಯಿಸಿ ಹನ್ನೊಂದು ಪಟ್ಟಿ ಸುಟ್ಟಿದ್ದ. ಒಂದಕ್ಕೂ ಉಸ್ತಾದರು ಬೈಯಲಿಲ್ಲ, ಒಂದನ್ನೂ ಒಗೆಯಲಿಲ್ಲ. ಹನ್ನೊಂದನ್ನೂ ತಮ್ಮ ಮನೆಯ ಚಾಕು, ಈಳಿಗೆ, ಕುಡುಗೋಲುಗಳಿಗೇ ಕೂಡಿಸಿಕೊಂಡರು. ಏಳು ವರ್ಷದಿಂದ ಆ ಮನೆಯ ಅಡಿಗೆ ಅವನ ತಪ್ಪುಗಳನ್ನು ಹಿಡಿದುಕೊಂಡೇ ಆಗುತ್ತಿದೆ. ಬಂದ ನೆಂಟರು ಕೇಳಿದರೆ ಸಾಮಾನು ಹಳೇದು ಅನ್ನುತ್ತಿದ್ದರೇ ಹೊರತು ಅವನ ಹೆಸರು ಎತ್ತಿದವರಲ್ಲ.

ವಾಸಿಂ ಮೊಳೆ ತಗೊಂಡು, ಆ ಒಂದು ಗೀರಿನ ಮಗ್ಗುಲಿಗೆ ಇನ್ನೊಂದು ಗೀರು ಎಳೆದ.

ಉಸ್ತಾದರು ಬಂದರು. ಚಾಪೆಯ ಮೇಲೆ ಕೂತು, ಸಂತೆ ಬಿಟ್ಟು ಹೊತ್ತಿಗೆ ಮುಂಚೆ ಯಾಕೆ ಬಂದೆ ಎಂದು ಕೇಳಿದರು. ಮನೆಮಾತು ದಖ್ಖನಿಯಾದರೂ ಕೆಲಸದ ಮಾತಿಗೆ ಅವರು ಕನ್ನಡಕ್ಕೇ ಬರುತ್ತಿದ್ದರು. ವಾಸಿಂ ನಡೆದದ್ದನ್ನು ಹೇಳಿದ, ಬೈಗುಳ ಅರ್ಧ ನುಂಗಿ.

“ಗೀರು ನೋಡಿದೇನು? ಯಾರದು?”

“ನಂದ್ರೀ ಉಸ್ತಾದ್. ಎರಡ ಅದಾವ. ಗಡಬಡಿ ಮಾಡಿ ಹಸಿ ಪಟ್ಟಿ ತಗೊಂಡೀನಿ ಅನಸ್ತೈತಿ.”

ಅವರು ಕೈ ಚಾಚಿದರು. ಕೊಡದೆ ಇರುವ ಹಾಗಿರಲಿಲ್ಲ. ಹೆಬ್ಬೆರಳನ್ನು ಕಬ್ಬಿಣದ ಮೇಲೆ ನಿಧಾನವಾಗಿ ಆಡಿಸಿದರು. ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ. ಬೆರಳು ಒಂದು ಕಡೆ ನಿಂತಿತು.

“ಹೊಸಾ ಗೀರು ಕೈಗೆ ಚುಚ್ಚತೈತಿ ನೋಡಪಾ,” ಅಂದರು.

ವಾಸಿಂ ನೆಲಕ್ಕೆ ಬಿದ್ದ ಮೊಳೆಗಳನ್ನು ಆರಿಸತೊಡಗಿದ. ಉಸ್ತಾದರು ಚಾಕನ್ನು ಬದಿಗಿಟ್ಟರು. ಗೂಡಿನಲ್ಲಿದ್ದ ತಗಡಿನ ಡಬ್ಬಿ ಕೊಡು ಅಂದರು.

ಆ ಡಬ್ಬಿಯಲ್ಲಿ ನಲವತ್ತು ವರ್ಷದಲ್ಲಿ ಅವರು ಬಿಚ್ಚಿದ ಹಳೆಯ ಹಿಡಿಕೆಗಳಿದ್ದವು. ಮೇಲೆ ಈಗಿನವು: ಕೆಂಪು, ಹಸಿರು, ಉಗುರಷ್ಟು ತೆಳ್ಳಗಿನ ಪ್ಲಾಸ್ಟಿಕ್ಕು, ಒಂದು ಬೇಸಿಗೆಗೇ ಪುಡಿಯಾಗಿ ಡಬ್ಬಿಯ ತುಂಬ ಬಣ್ಣದ ಹುಡಿ ಮಾಡಿದ್ದವು. ಅದರ ಕೆಳಗೆ ಮೊದಮೊದಲು ಬಂದ ಪ್ಲಾಸ್ಟಿಕ್ಕು. ದಪ್ಪ, ಹಾಲಿನ ಬಣ್ಣದ್ದು, ಕಲ್ಲಿಗೆ ಒಗೆದರೂ ಸೀಳುತ್ತಿರಲಿಲ್ಲ. ಪ್ಲಾಸ್ಟಿಕ್ಕಿಗೂ ಒಂದು ಒಳ್ಳೆಯ ಕಾಲ ಇತ್ತು ಎಂದು ಉಸ್ತಾದರು ನಗುತ್ತಿದ್ದರು. ಅದರ ಕೆಳಗೆ ಹಿತ್ತಾಳೆ, ಶೀಸಮ್ ಕಟ್ಟಿಗೆ. ಎಲ್ಲಕ್ಕೂ ತಳದಲ್ಲಿ ಕೊಂಬು. ಆಗ ಊರೂರಿಗೆ ಜವಾರಿ ಎಮ್ಮೆಗಳಿದ್ದವು, ಬೆನ್ನಿನವರೆಗೆ ನೀಳ ಕೊಂಬು. ಒಂದು ಕೊಂಬಿಗೆ ಆರು ಪಟ್ಟಿ ಸಿಗುತ್ತಿತ್ತು. ಕಾಲುವೆ ಬಂತು, ಹಾಲಿನ ವ್ಯಾಪಾರ ಬಂತು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳ ಕಡೆಯಿಂದ ಮುರ್ರಾ ಎಮ್ಮೆ ಬಂತು. ಅದರ ಕೊಂಬು ಜಿಲೇಬಿಯಂತೆ ಸುತ್ತಿಕೊಂಡದ್ದು. ಹಾಲಿಗೆ ಹಿರಿದು, ಹಿಡಿಕೆಗೆ ದಂಡ. ಎಷ್ಟು ಒತ್ತಿದರೂ ಬಲವಂತಕ್ಕೆ ಬಿಡಿಸಿದ ಮುಷ್ಟಿಯ ಹಾಗೆ ಮತ್ತೆ ಸುತ್ತಿಕೊಳ್ಳುತ್ತದೆ. ಲಿಂಗಸುಗೂರಿನ ಅಂಗಡಿಯವರೆಲ್ಲ ಕೊಂಬನ್ನೇ ಬಿಟ್ಟು ತಯಾರು ಪ್ಲಾಸ್ಟಿಕ್ಕಿಗೆ ಹೋಗಿ ಎಷ್ಟೋ ಕಾಲವಾಗಿತ್ತು.

ಉಸ್ತಾದರು ತಳದಿಂದ ಅರಿವೆಯ ಗಂಟೊಂದನ್ನು ತೆಗೆದರು. ಒಳಗೆ ಜೋಡಿ ಪಟ್ಟಿ, ಎಂದೂ ಕೂಡಿಸದ್ದು. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಬೆಲ್ಲದ ಪಾಕದ ಬಣ್ಣ. ತಮ್ಮ ಮನೆಯ ಕೊನೆಯ ಜವಾರಿ ಎಮ್ಮೆಯದು, ಅಂದರು. ತಮಗೇ ಒಂದು ಚಾಕು ಮಾಡಿಕೊಳ್ಳಬೇಕೆಂದು ಇಟ್ಟದ್ದು, ಮಾಡಿಕೊಳ್ಳುವ ಹೊತ್ತೇ ಬರಲಿಲ್ಲವಂತೆ.

“ಇದನ್ನ ಕೂಡಸು. ನೀನ ಕೂಡಸು.”

“ಉಸ್ತಾದ್, ಅಂವಾ ನಿಮ್ಮ ಕೈಯಾಗಿಂದ ಬೇಕು ಅಂದಾನ್ರೀ.”

“ನನ್ನ ಕೈ ಅಂದ್ರ ಯಾವುದಲೇ ಈಗ?” ಎಂದು ಅವರು ವಾಸಿಂನ ಮಣಿಕಟ್ಟು ಹಿಡಿದು ಅಲ್ಲಾಡಿಸಿದರು.

ನಾಲ್ಕು ದಿನ ಅವನು ಆ ಹಿಡಿಕೆಯ ಮೇಲೆಯೇ ಕೂತ. ಅರ ಹಾಕಿದ, ಮರಳು ಕಾಗದ ತಿಕ್ಕಿದ, ಕಡೆಗೆ ಒಲೆಯ ಬೂದಿ ಎಣ್ಣೆಯಲ್ಲಿ ಕಲಸಿ ಅಂಗೈಯಿಂದಲೇ ಉಜ್ಜಿದ. ಬೂದಿ ಮುಟ್ಟಿದಾಗ ದುರುಗಪ್ಪನ ಮಾತು ನೆನಪಾಯಿತು; ಇನ್ನಷ್ಟು ಉಜ್ಜಿದ. ಪಟ್ಟಿಯ ಕೆಳಗೆ ಎರಡು ಗೀರುಗಳು ಹಾಗೆಯೇ ಉಳಿದವು, ಒಂದು ಹಳೆಯದು, ಒಂದು ಹೊಸದು. ಮೊಳೆ ಬಡಿಯುವಾಗ ಉಸ್ತಾದರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು, ಸುತ್ತಿಗೆಯ ಸದ್ದು ಕೇಳಿ ಸಾಕು ಅಂದರು; ಅವನು ಅಲ್ಲಿಗೆ ನಿಲ್ಲಿಸಿದ. ಸಂತೆಗೆ ಹೊರಡುವ ಮುಂಚೆ, ದಾವಲ್‌ಬೀ ನೀರಿಗೆ ಹೋದದ್ದು ನೋಡಿಕೊಂಡು, ಬುಟ್ಟಿಗಳನ್ನು ಇಳಿಸಿ ಮೊದಲಿನ ಜಾಗಕ್ಕೆ ಕಟ್ಟಿದ. ಯಾರಿಗೂ ಹೇಳುವ ಮಾತಾಗಿರಲಿಲ್ಲ ಅದು.

ಸಿಂಧನೂರಿನಲ್ಲಿ ಅದೇ ಬೆಂಚು, ಅದೇ ಜನ. ದುರುಗಪ್ಪ ಚಾಕು ತಗೊಂಡು ಮಡಚಿದ, ಬಿಚ್ಚಿದ. ಚಹಾದಂಗಡಿಯ ಬಕೀಟಿನಲ್ಲಿ ಹಿಡಿಕೆಯವರೆಗೆ ಅದ್ದಿ, ತೊಡೆಗೆ ಒರೆಸಿ, ಮುಷ್ಟಿಯಲ್ಲಿ ಬಿಗಿ ಹಿಡಿದ. ಅರಿವೆ ಬಿಚ್ಚಿದ ಅಂಗೈಯಲ್ಲಿ ಗಾಯ ಇನ್ನೂ ಕೆಂಪಗಿತ್ತು. ಆದರೂ ಹಿಡಿತ ಸಡಿಲಿಸಲಿಲ್ಲ. ಅವನ ಮುಖ ಮೆತ್ತಗಾದದ್ದನ್ನು ವಾಸಿಂ ಕಂಡ. ಅಪ್ಪನ ಕೈಯನ್ನು ಹಿಡಿದವನ ಮುಖ ಹಾಗಿರುತ್ತದೆ.

“ನೋಡ್ರಪಾ, ಇದು ಉಸ್ತಾದನ ಕೈ,” ಎಂದು ದುರುಗಪ್ಪ ಬೆಂಚಿನ ಕಡೆ ಎತ್ತಿ ತೋರಿಸಿದ. “ಕಣ್ಣ ಹೋದ್ರೂ ಕೈ ಹೋಗಿಲ್ಲ ಮುದುಕನದು. ಲೇ ವಾಸಿಂ, ಹಿಡಿದು ನೋಡಿ ಕಲಿ. ನಿನ್ನ ಜನ್ಮಕ್ಕ ಇಂಥಾದೊಂದು ಬರಂಗಿಲ್ಲ.”

ಬೆಂಚು ನಕ್ಕಿತು. ಮಾತು ವಾಸಿಂನ ನಾಲಿಗೆಯ ತುದಿಗೆ ಬಂದಿತ್ತು. ಮೊಳೆ ಹೊಡೆದು ಬಿಚ್ಚಿದರೆ ಎರಡು ಗೀರು, ಎಲ್ಲರೂ ನೋಡಲಿ. ಅದರ ಹಿಂದೆಯೇ ಸುಟ್ಟ ಹಿಡಿಕೆಯಿಂದ ಉಳ್ಳಾಗಡ್ಡಿ ಹೆಚ್ಚುವ ಸದ್ದೂ ಕೇಳಿಸಿತು. ಹನ್ನೊಂದು ಪಟ್ಟಿ, ಒಮ್ಮೆಯೂ ಅವರು ಎತ್ತದ ತನ್ನ ಹೆಸರು.

“ಏನಲೇ, ಬಾಯಾಗ ಏನ ಇಟಗೊಂಡೀ?” ಅಂದ ದುರುಗಪ್ಪ.

ವಾಸಿಂ ಎದ್ದು, ಮೈಮೇಲಿನ ಸಾಣೆಯ ಹುಡಿ ಕೊಡವಿ, ತನ್ನ ಬಕೀಟು ಎತ್ತಿಕೊಂಡು ಸಾಣೆಕಲ್ಲಿಗೆ ಹೊಸ ನೀರು ತರಲು ನಲ್ಲಿಯ ಕಡೆ ನಡೆದ.