ಹಿಮದ ಧೂಳಿನಲ್ಲಿ ನಲವತ್ತೊಂದು

ಶ್ರೀಕಂಠನಿಗೆ ಇದ್ದದ್ದು ಒಂದೇ ಕಂಠ, ಆದರೆ ಅದರಲ್ಲಿ ಬಾಡಿಗೆಗಿದ್ದವರು ಬಹಳ ಜನ. ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವನು, ಮೂಗಿನಲ್ಲೇ ಕೆಮಿಸ್ಟ್ರಿ ಬೋಧಿಸುತ್ತಿದ್ದ ಮೇಷ್ಟ್ರು, ಆಚೆಮನೆಯ ಕುಕ್ಕರಿನ ಸೀಟಿ, ಸ್ಟಾರ್ಟಾಗದ ಲೂನಾ, ಯಾರನ್ನು ಕರೆದರೂ ಗಂಟಲಿನ ಬಾಗಿಲಿಗೆ ಬಂದು ಹಾಜರಿ ಹಾಕಿ ಹೋಗುತ್ತಿದ್ದರು. ಕಡಲಾಚೆಯ ಹಿಮದ ನಾಡಿನಲ್ಲಿ, ಒಶಾವಾ ಎಂಬ ಊರಿನ ಕಾಲೇಜಿಗೆ ಓದಲು ಬಂದ ಮೇಲೆ ಅವನೇ ಬಾಡಿಗೆದಾರನಾದ. ವೀರಭದ್ರಪ್ಪನವರ ಮನೆಯ ಬೇಸ್‌ಮೆಂಟು ಅವನದು.

ವೀರಭದ್ರಪ್ಪನವರು ರಾಣೆಬೆನ್ನೂರಿನವರು. ಎಪ್ಪತ್ತರ ದಶಕದಲ್ಲಿ ಬಂದು, ಊರಿನ ಕಾರು ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ನಿವೃತ್ತರಾದ ಕನ್ನಡಿಗರೆಲ್ಲ ದೇವಸ್ಥಾನದ ಕಮಿಟಿ ಸೇರಿದರೆ ಇವರು ಮಾತ್ರ ಹಿಮಬಂಡಿಯ ರೇಸು ಹಿಡಿದಿದ್ದರು. ಚಳಿಗಾಲದ ಭಾನುವಾರ ಬಂತೆಂದರೆ ಕಿವಿ ಮುಚ್ಚುವ ಟೋಪಿ ಹಾಕಿ ಹೊರಟೇಬಿಡುವರು. "ಮಂದಿ ಕಾಶಿಗೆ ಹೋಗ್ತಾರ, ನೀವು ಹಿಮಕ್ಕ ಹೋಗ್ರಿ," ಎಂದು ಹೆಂಡತಿ ಸುಮಿತ್ರಮ್ಮ ಫ್ಲಾಸ್ಕಿಗೆ ಚಹ ತುಂಬಿ ಕೊಡುವರು.

ಎರಡು ಸಾವಿರದ ಹದಿನೆಂಟರ ಜನವರಿಯಲ್ಲಿ ಶ್ರೀಕಂಠನೂ ಅವರ ಜೊತೆ ಹೊರಟ. ಊರಿನಿಂದ ಉತ್ತರಕ್ಕೆ, ಜೋಳದ ಹೊಲಗಳು ಮುಗಿಯುವಲ್ಲಿ ಒಂದು ಮೈದಾನ. ಬೇಸಿಗೆಯಲ್ಲಿ ಕುದುರೆ ಓಡುವ ಮಣ್ಣಿನ ದಾರಿಗೆ ಚಳಿಗಾಲದಲ್ಲಿ ಟ್ಯಾಂಕರಿನಿಂದ ನೀರು ಬಿಟ್ಟು, ಪದರದ ಮೇಲೆ ಪದರ ಹೆಪ್ಪುಗಟ್ಟಿಸಿ, ಮೊಟ್ಟೆಯಾಕಾರದ ಗಾಜಿನ ರಸ್ತೆ ಮಾಡುತ್ತಾರೆ. ಅದರ ಮೇಲೆ ಮುಳ್ಳಿನ ಪಟ್ಟಿ ಕಟ್ಟಿದ ಎಂಜಿನ್ನಿನ ಬಂಡಿಗಳು, ಅಲ್ಲಿಯವರ ಬಾಯಲ್ಲಿ ಸ್ಲೆಡ್ಡುಗಳು, ಎಡಕ್ಕೆ, ಮತ್ತೆ ಎಡಕ್ಕೆ, ಎಡಕ್ಕೇ ತಿರುಗುತ್ತ ಸುತ್ತುತ್ತವೆ.

"ಇದೇನ್ ಅಂಕಲ್, ಸತ್ತೋರಿಗೆ ಸುತ್ತೋ ಹಾಗೆ ಅಪ್ರದಕ್ಷಿಣೆ?"

"ಬಾಯಿ ಮುಚ್ಚಲೇ ಕಂಠಿ. ರೇಸ್ ನೋಡು."

ನೋಡಲು ಏನಿತ್ತು? ಬಂಡಿಗಳು ಮೂರು ಸುತ್ತು ಹಾಕುವಷ್ಟರಲ್ಲಿ ಹಿಮದ ಧೂಳು ಎದ್ದು ಬರೀ ಬಿಳುಪು. ಚಳಿಗೆ ಹೆದರಿ ಜನ ಬೇಲಿಗೆ ಕಾರು ಒತ್ತಿ ನಿಲ್ಲಿಸಿ, ಹೀಟರ್ ಹಾಕಿಕೊಂಡು ಒಳಗೇ ಕೂರುತ್ತಾರೆ. ಗೋಪುರದ ಮೇಲೆ ಒಬ್ಬರು ನಿಂತು ಮೈಕಿನಲ್ಲಿ ಹೇಳುವುದು ಕಾರಿನ ರೇಡಿಯೋದಲ್ಲಿ ಕೇಳುತ್ತದೆ. ಮೇಲಿನವರು ಹೇಳಿದ್ದೇ ಕೆಳಗಿನವರು ಕಂಡದ್ದು. ಖುಷಿಯಾದರೆ ಚಪ್ಪಾಳೆಗೆ ಬದಲು ಹಾರ್ನು.

ಆ ಗೋಪುರದ ದನಿ ರಸ್ ಎಂಬ ಮುದುಕನದಾಗಿತ್ತು. ಹಿಂದಿನ ಶರತ್ಕಾಲದಲ್ಲಿ ಅವನು ತೀರಿಕೊಂಡಿದ್ದ. ರಸ್ ಹೋದ ಮೇಲೆ ರೇಸಿನಲ್ಲಿ ರಸವೇ ಇರಲಿಲ್ಲ. ಕ್ಲಬ್ಬು ನಡೆಸುತ್ತಿದ್ದ ಅವನ ಹೆಂಡತಿ ಡೋರೀನ್ ಮೈಕಿನಲ್ಲಿ ಸವಾರರ ಹೆಸರನ್ನು ದಿನಸಿ ಸಾಮಾನಿನಂತೆ ಓದುತ್ತಿದ್ದರು. ಬೇಲಿಯುದ್ದಕ್ಕೂ ಹಲ್ಲು ಉದುರಿದ ಬಾಯಿಯಂತೆ ಅಲ್ಲೊಂದು ಇಲ್ಲೊಂದು ಕಾರು.

ಎರಡನೆಯ ಭಾನುವಾರ ದಾರಿಯಲ್ಲಿ ಶ್ರೀಕಂಠ ಸುಮ್ಮನೆ ಬಾಯಿ ತೆರೆದ. ವೀರಭದ್ರಪ್ಪನವರು ತಾವೇ ತೆಗೆದ ಹಳೆಯ ರೇಸುಗಳ ವಿಡಿಯೋ ಕ್ಯಾಸೆಟ್ಟನ್ನು ದಿನಾ ಹಾಕುತ್ತಿದ್ದರು. ನೆಲಮಾಳಿಗೆಯಲ್ಲಿ ಮಲಗಿದವನಿಗೆ ಅದರೊಳಗಿನ ರಸ್ಸನ ದನಿ ಛಾವಣಿಯಿಂದ ತೊಟ್ಟಿಕ್ಕಿ ತೊಟ್ಟಿಕ್ಕಿ ಕಂಠಪಾಠವಾಗಿತ್ತು. ಜಲ್ಲಿಕಲ್ಲಿನ ಮೇಲೆ ಚಕ್ಕಡಿ ಹೋದಂಥ, ಪ್ರತಿ ಮಾತಿನ ಕೊನೆಗೆ ಸಣ್ಣ ಕೆಮ್ಮಿದ್ದ ದನಿ. "ಗುಡ್ ಆಫ್ಟರ್‌ನೂನ್, ಫೋಕ್ಸ್."

ವೀರಭದ್ರಪ್ಪನವರು ಬ್ರೇಕ್ ತುಳಿದರು. ಕಾರು ಹಿಮದಲ್ಲಿ ಅಡ್ಡಡ್ಡ ಜಾರಿ ನಿಂತಿತು.

"ಇನ್ನೊಮ್ಮೆ ಹಂಗ ಅನ್ನಬ್ಯಾಡ."

"ಸಾರಿ ಅಂಕಲ್."

ಸ್ವಲ್ಪ ದೂರ ಹೋದ ಮೇಲೆ ಅವರೇ ಅಂದರು: "ಇನ್ನೊಮ್ಮೆ ಅನ್ನು."

ಅವರೇ ಅವನನ್ನು ಗೋಪುರಕ್ಕೂ ಹತ್ತಿಸಿದರು. ಡೋರೀನ್ ಅವನ ಮುಖ ನೋಡದೆ ಮೈಕು ಕೊಟ್ಟು, ಗೋಡೆಯ ಕಡೆ ತಿರುಗಿ ನಿಂತರು. ಮೊದಲ ವಾಕ್ಯಕ್ಕೇ ಬೇಲಿಯುದ್ದಕ್ಕೂ ಹಾರ್ನು ಮೊಳಗಿತು. ಶ್ರೀಕಂಠನಿಗೆ ಅಮಲೇರಿತು. ಕಾಲೇಜಿನ ವಾರ್ಷಿಕೋತ್ಸವದಲ್ಲೂ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ರೇಸು ಮುಗಿದಾಗ ರಸ್ಸನ ದನಿಯಲ್ಲೇ ಎಲ್ಲರಿಗೂ ವಂದಿಸಿ, ಮೈಕು ಇಡುವಾಗ, ಹೊಸಿಲು ದಾಟುವ ಯಾವ ಕನ್ನಡಿಗನ ಬಾಯಿಂದಲಾದರೂ ಬರುವ ಮಾತು ಅವನ ಬಾಯಿಂದಲೂ ಬಂತು: "ಓಕೆ, ಐ ವಿಲ್ ಗೋ ಅಂಡ್ ಕಮ್."

ಕಾರುಗಳಲ್ಲಿ ಜನ ನಕ್ಕರು. ಡೋರೀನ್ ನಗಲಿಲ್ಲ.

ಮುಂದಿನ ಭಾನುವಾರ ಬೇಲಿಯಲ್ಲಿ ಜಾಗವಿರಲಿಲ್ಲ. ದೂರದ ಬ್ಯಾರಿ ಎಂಬ ಊರಿನಿಂದ ಬಂದಿದ್ದರು, ಪೀಟರ್‌ಬರೋದಿಂದ ಬಂದಿದ್ದರು. ಥಾರ್ನ್‌ಕ್ಲಿಫ್ ಪಾರ್ಕ್ ಎಂಬ ಬಡಾವಣೆಯಿಂದ ಒಂದು ವ್ಯಾನು ತುಂಬ ಹುಡುಗರು ಸಮೋಸ ಕಟ್ಟಿಸಿಕೊಂಡು ಬಂದು "ಕ್ಯಾ ಬಾತ್ ಹೈ ಭಾಯ್, ಯಾರೋ ಸತ್ತವರ ದನಿ ತೆಗೀತಾರಂತೆ" ಎಂದು ಶ್ರೀಕಂಠನನ್ನೇ ಕೇಳಿದರು. ಚಳಿಯಲ್ಲೊಂದು ಚಳವಳಿ ಎಂದು ಅವನು ಮನಸ್ಸಿನಲ್ಲೇ ನಕ್ಕು ಮೆಟ್ಟಿಲು ಹತ್ತಿದ.

ರೇಸಿನ ಮಧ್ಯೆ, ಧೂಳು ದಟ್ಟವಾದಾಗ, ಅವನ ಬಾಯಿ ಹೇಳಿತು: "ಅಂಡ್ ಅಟ್ ದ ಬ್ಯಾಕ್, ಫೋಕ್ಸ್, ಹಿಯರ್ ಕಮ್ಸ್ ನಂಬರ್ ಫಾರ್ಟಿ-ಒನ್." ಹಾರ್ನುಗಳು ಹುಚ್ಚೆದ್ದವು. ಬಿಳುಪಿನೊಳಗೆ ಏನೋ ಒಂದು ಕಪ್ಪಗೆ ಬಾಗಿ ತಿರುವು ದಾಟಿತು.

ಹಿಂತಿರುಗುವಾಗ ವೀರಭದ್ರಪ್ಪನವರು ಮೊದಲು ರೇಡಿಯೋ ಆರಿಸಿದರು. ಆಮೇಲೆ, "ನಲವತ್ತೊಂದು ಅಂತ ಯಾಕಂದಿ?" ಎಂದರು.

"ಬಾಯಿಗೆ ಬಂತು. ಯಾಕೆ?"

"ಇವತ್ತ ಓಡಿದ್ರಾಗ ಆ ನಂಬರ್ ಇಲ್ಲ. ಅದು ರಸ್ಸಂದು. ಹರೇದಾಗ ಅಂವಾ ಇಲ್ಲೇ ಓಡಿಸ್ತಿದ್ದ. ಆ ತಿರುವಿನಾಗ ಬಿದ್ದು ಬೆನ್ನು ಮುರಕೊಂಡ ಮ್ಯಾಲ ಮೈಕ್ ಹಿಡದ. ಒಮ್ಮೆನೂ ಗೆದ್ದಿದ್ದಿಲ್ಲ ಪಾಪ."

"ನಿಮ್ಮ ಕ್ಯಾಸೆಟ್ಟಲ್ಲಿ ಕೇಳಿರ್ತೀನಿ ಬಿಡಿ."

"ನಾ ಕ್ಯಾಮೆರಾ ತಗೊಂಡಿದ್ದು ಅವನ ಬೆನ್ನು ಮುರದ ಮ್ಯಾಲ."

ಅದರ ಮುಂದಿನ ವಾರ ನಲವತ್ತೊಂದನೆಯ ನಂಬರು ಉಳಿದ ಬಂಡಿಗಳ ನಡುವೆಯೇ ಇತ್ತು. ಜನ ಈಗ ರೇಸು ನೋಡಲು ಬರುತ್ತಿರಲಿಲ್ಲ. ನಲವತ್ತೊಂದು ಎಲ್ಲಿಯವರೆಗೆ ಬಂತು ಎಂದು ನೋಡಲು ಬರುತ್ತಿದ್ದರು. ನಿಜವಾದ ಸವಾರರು ಹೆಲ್ಮೆಟ್ಟು ತೆಗೆದು, "ನನ್ನ ಪಕ್ಕದಲ್ಲಿ ಯಾರಿದ್ದದ್ದು?" ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಕಾರುಗಳು ಬೇಲಿ ತುಂಬಿ, ರಸ್ತೆ ತುಂಬಿ, ಪಕ್ಕದ ಜೋಳದ ಹೊಲಕ್ಕೆ ಇಳಿದಿದ್ದವು. ಹೊಲದಿಂದ ಮೈದಾನ ಕಾಣುವುದೂ ಇಲ್ಲ. ರೇಡಿಯೋ ಕೇಳಿಸಿದರೆ ಸಾಕಿತ್ತು.

ಮನೆಗೆ ಬಂದಾಗ ಅಮ್ಮನ ಫೋನು. ನಂಜನಗೂಡಿನಲ್ಲಿ ನಡುರಾತ್ರಿ ದಾಟಿತ್ತು, ಆದರೂ ಮಗನ ದನಿ ಕೇಳದೆ ಆಕೆ ಮಲಗುತ್ತಿರಲಿಲ್ಲ. ಕಡಲೆಕಾಯಿಯವನಾಗಿ ಮಾತಾಡಿದರೂ ಮೇಷ್ಟ್ರಾಗಿ ಮಾತಾಡಿದರೂ "ಸಾಕು ಕಣೋ ಕೋತಿ" ಎಂದು ಒಳಗಿರುವ ಮಗನನ್ನು ಕಿವಿ ಹಿಡಿದು ಹೊರಗೆಳೆಯುತ್ತಿದ್ದಳು.

"ಹೇಳಮ್ಮಾ," ಎಂದ ಶ್ರೀಕಂಠ.

"ಯಾರು ಮಾತಾಡ್ತಿರೋದು?"

"ನಾನೇ ಅಮ್ಮ. ಕಂಠಿ." ಜಲ್ಲಿಕಲ್ಲಿನ ಮೇಲೆ ಚಕ್ಕಡಿ. ಕೊನೆಗೆ ಸಣ್ಣ ಕೆಮ್ಮು.

"ಕನ್ನಡ ಚೆನ್ನಾಗ್ ಕಲ್ತಿದೀರಾ ಸರ್," ಎಂದಳು ಅಮ್ಮ ಬಹಳ ಮರ್ಯಾದೆಯಿಂದ. "ಸ್ವಲ್ಪ ನನ್ನ ಮಗನ್ನ ಕರೀತೀರಾ?"

ಅವನು ಗಂಟಲು ಕೆರೆದ, ಬಿಸಿನೀರು ಕುಡಿದ, ಉಪ್ಪು ಹಾಕಿ ಮುಕ್ಕಳಿಸಿದ. ಕನ್ನಡಿಯ ಮುಂದೆ ನಿಂತು ಕುಕ್ಕರಿನ ಸೀಟಿ ಹಾಕಲು ನೋಡಿದ. ಬರಲಿಲ್ಲ. ತನ್ನ ಹೆಸರು ಹೇಳಿದ. ಮುದುಕನೊಬ್ಬ ಅವನ ಹೆಸರನ್ನು ತಪ್ಪಾಗಿ ಉಚ್ಚರಿಸಿದ. ಫೋನು ಮತ್ತೆ ಮತ್ತೆ ಬಡಿದುಕೊಂಡಿತು. ಎತ್ತಲು ಅವನಿಗೆ ಬಾಯಿ ಬರಲಿಲ್ಲ.

ಮೇಲೆ ಅಡುಗೆಮನೆಗೆ ಹೋಗಿ ಅದೇ ದನಿಯಲ್ಲಿ ಎಲ್ಲ ಹೇಳಿದ. ಸುಮಿತ್ರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ವೀರಭದ್ರಪ್ಪನವರು ಕುರ್ಚಿ ಎಳೆದು ಕೂತರು.

"ಸತ್ತವರ ಮನ್ಯಾಗಿಂದ ಎದ್ದು ಹೊರಡಬೇಕಾದ್ರ ಏನಂತೀವಿ?"

"ಏನೂ ಅನ್ನಲ್ಲ. ಸುಮ್ನೆ ಬಂದ್ಬಿಡ್ತೀವಿ."

"ಹೌದಿಲ್ಲೋ? ಹೋಗಿ ಬರ್ತೀನಿ ಅನ್ನಂಗಿಲ್ಲ. ನೀ ಏನ ಮಾಡಿದಿ? ಸತ್ತವನ ಬಾಯಿಲೇ ಅದನ್ನ ಅನಿಸಿದಿ. ಹೋಗಿ ಬರ್ತೀನಿ ಅಂತ ಅಷ್ಟು ಮಂದಿಗೆ ಮಾತು ಕೊಡಿಸಿದಿ. ಇಲ್ಲಿಯವರು ಯಾರೂ ಹಂಗ ಅನ್ನಂಗಿಲ್ಲಪಾ, ಬೈ ಅಂತಾರ, ಹೋಗ್ತಾರ. ಅಂವಾ ಮಾತಿನ ಮನಷ್ಯಾ. ಬಂದಾನ."

"ಇನ್ನು ಹೋಗೋದಿಲ್ಲ ಅಂಕಲ್ ನಾನು."

"ಬ್ಯಾಡ. ಡೋರೀನಗ ಈಗಲೇ ಹೇಳಿಬಿಡು."

ಫೋನು ಮಾಡಿದ. ಬರುವುದಿಲ್ಲ ಎಂಬ ಇಂಗ್ಲಿಷ್ ವಾಕ್ಯವನ್ನು ನಾಲಿಗೆಯ ತುದಿಯಲ್ಲಿ ಸಿದ್ಧ ಇಟ್ಟುಕೊಂಡಿದ್ದ. ಆ ಕಡೆ "ಹಲೋ" ಎಂದದ್ದೇ, ಅವನ ಬಾಯಿ ಮೃದುವಾಗಿ ಹೇಳಿತು: "ಐ'ಲ್ ಬಿ ದೇರ್, ಡೋರ್."

ಡೋರೀನ್ ಅಳತೊಡಗಿದರು. ಆಕೆಯನ್ನು ಡೋರ್ ಎಂದು ಕರೆಯುತ್ತಿದ್ದವರು ಜಗತ್ತಿನಲ್ಲಿ ಒಬ್ಬರೇ.

ಕೊನೆಯ ಭಾನುವಾರ ಅವನ ಕಾಲುಗಳು ತಾವೇ ಬೂಟು ಹಾಕಿಕೊಂಡವು. "ನಾನೂ ಬರ್ತೀನಿ," ಎಂದು ವೀರಭದ್ರಪ್ಪನವರು ಜೊತೆಗೆ ಹೊರಟರು, ಆದರೆ ಮೈದಾನದಿಂದ ಎರಡು ಮೈಲಿ ಈಚೆಗೇ ಕಾರುಗಳು ಸಾಲುಗಟ್ಟಿದ್ದವು. ಕಿಟಕಿಗಳೆಲ್ಲ ಉಸಿರಿಗೆ ಮಂಜಾಗಿದ್ದವು. ಶ್ರೀಕಂಠ ಅವರನ್ನು ಕಾರಿನಲ್ಲೇ ಬಿಟ್ಟು ಇಳಿದು ನಡೆದು ಹೋದಾಗ ಪ್ರತಿ ಕಿಟಕಿಯಲ್ಲೂ ಒಂದು ಅಂಗೈ ಮಂಜನ್ನು ಒರೆಸಿ ದಾರಿ ಮಾಡಿಕೊಂಡಿತು.

ಗೋಪುರದಲ್ಲಿ ಡೋರೀನ್ ತುಟಿಗೆ ಬಣ್ಣ ಹಚ್ಚಿ ನಿಂತಿದ್ದರು. "ಇವತ್ತು ಒಂದೇ ಒಂದು ಸಲ," ಎಂದರು. "ಅವನು ಗೆಲ್ಲಲಿ. ಆಮೇಲೆ ನಿನ್ನನ್ನು ಬಿಟ್ಟುಬಿಡುತ್ತಾನೆ."

ಬಿಡುವುದಿಲ್ಲ ಎಂದು ಶ್ರೀಕಂಠನಿಗೆ ಗೊತ್ತಿತ್ತು. ಗೆದ್ದವರು ಯಾರಾದರೂ ಮೈದಾನ ಬಿಟ್ಟು ಹೋಗುತ್ತಾರೆಯೇ? ಹೇಳಬೇಕೆಂದು ಬಾಯಿ ತೆರೆದರೆ ಬಂದದ್ದು "ಗುಡ್ ಆಫ್ಟರ್‌ನೂನ್, ಫೋಕ್ಸ್".

ಬಂಡಿಗಳು ಹೊರಟವು. ಧೂಳು ಎದ್ದಿತು. ಬಾಯಿ ತಾನಾಗಿ ಓಡುತ್ತಿತ್ತು, ಒಳಗೆಲ್ಲೋ ಬೇಸ್‌ಮೆಂಟಿನಲ್ಲಿ ಶ್ರೀಕಂಠ ಛಾವಣಿ ನೋಡುತ್ತ ಕೂತಿದ್ದ. ನಲವತ್ತೊಂದು ಮೂರನೆಯದು. ನಲವತ್ತೊಂದು ಎರಡನೆಯದು. ಹಾರ್ನುಗಳೆಲ್ಲ ಸೇರಿ ಒಂದೇ ಉದ್ದನೆಯ ಗೂಳಿಯ ಕೂಗಾಯಿತು. ನಲವತ್ತೊಂದು ಮುಂದೆ, ಎಲ್ಲರಿಗಿಂತ ಮುಂದೆ, ಬೆನ್ನು ಮುರಿದ ಆ ತಿರುವಿನತ್ತ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕೈ ಮೈಕು ಬಿಡಲೊಲ್ಲದು. ಕಣ್ಣೊಂದೇ ಅವನ ಮಾತು ಕೇಳುತ್ತಿತ್ತು. ಆ ಕಣ್ಣಿನಿಂದ ಅವನು ಡೋರೀನ್ ಕಡೆ ನೋಡಿದ. ಆಕೆ ತಡೆದು, ಆಮೇಲೆ ಅವನ ಜೇಬಿಗೆ ಕೈಹಾಕಿ ಫೋನು ತೆಗೆದು ಹಸಿರು ಗುಂಡಿ ಒತ್ತಿದರು.

"ಕಂಠೀ? ಒಂದು ವಾರ ಆಯ್ತಲ್ಲೋ ಫೋನ್ ಎತ್ತಿ. ಅದ್ಯಾರೋ ಸರ್‌ಗೆ ನಿನ್ನ ಕರೀರಿ ಅಂದೆ, ಕರೀಲೇ ಇಲ್ಲ. ಮಗಾ? ಇದೀಯೇನೋ?"

ಡೋರೀನ್‌ಗೆ ಒಂದಕ್ಷರ ಅರ್ಥವಾಗಲಿಲ್ಲ. ಅರ್ಥವಾಗಬೇಕಾದದ್ದು ಅಕ್ಷರದಲ್ಲಿರಲೂ ಇಲ್ಲ. ಆಕೆ ಹುಡುಗನ ಮುಖ ನೋಡಿದರು. ಇಡೀ ಚಳಿಗಾಲದಲ್ಲಿ ಅದೇ ಮೊದಲು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಬಾಯಿ ಮಾತ್ರ ನಗುನಗುತ್ತ ಹೇಳುತ್ತಿತ್ತು: "ಆಮೇಲೆ ಮಾತಾಡಲಿ ಬಿಡು, ಡೋರ್. ನನ್ನ ನೋಡು, ನನ್ನ ನೋಡು."

ಆಕೆ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೈಕು ಕಿತ್ತುಕೊಂಡರು.

"ನೋಡಿದೆ, ರಸ್," ಎಂದರು ಮೈಕಿನಲ್ಲಿ. ಹಾರ್ನುಗಳು ಒಂದೊಂದಾಗಿ ನಿಂತವು. "ಈ ಹುಡುಗನ ತಾಯಿ ಕಾಯ್ತಾ ಇದ್ದಾಳೆ. ಇಳಿ ಅವನ ಮೇಲಿಂದ. ಹೋಗು. ನಾನೂ ಇನ್ನು ಕಾಯೋದಿಲ್ಲ."

ತಿರುವಿನಲ್ಲಿ ಒಂದು ಎಂಜಿನ್ನು ನಿಂತದ್ದು ಎಲ್ಲರಿಗೂ ಕೇಳಿಸಿತು. ಧೂಳು ಇಳಿದಾಗ ಬಂಡಿಗಳು ಸಾಲಾಗಿ ಬರುತ್ತಿದ್ದವು. ಎಲ್ಲರಿಗಿಂತ ಮುಂದಿದ್ದವನು ತನ್ನ ಮುಂದೆ ಇನ್ನೊಬ್ಬರಿಗಾಗುವಷ್ಟು ಜಾಗ ಬಿಟ್ಟು, ಖಾಲಿ ಹಿಮವನ್ನು ಹಿಂಬಾಲಿಸುತ್ತ ಗೆರೆ ದಾಟಿದ.

"ಅಮ್ಮಾ," ಎಂದ ಶ್ರೀಕಂಠ. ಒಡೆದ ಮಡಕೆಯಂಥ ದನಿ. ಆದರೂ ಅವನದೇ.

"ಏನೋ ಇದು, ಶೀತ ಮಾಡ್ಕೊಂಡಿದ್ದೀಯಾ?" ಎಂದಳು ಅಮ್ಮ. "ಸ್ವೆಟರ್ ಹಾಕ್ಕೋ ಅಂದ್ರೆ ಕೇಳೋದಿಲ್ಲ."

ಆಮೇಲೆ ಅವನಿಗೆ ಬೇರೆಯವರ ಯಾವ ದನಿಯೂ ಬರಲಿಲ್ಲ, ಲೂನಾ ಕೂಡ. ಅವನು ಅದಕ್ಕೆ ಬೇಸರಪಡಲಿಲ್ಲ.

ಏಪ್ರಿಲ್‌ನಲ್ಲಿ ವೀರಭದ್ರಪ್ಪನವರು ಕ್ಯಾಸೆಟ್ಟುಗಳನ್ನೆಲ್ಲ ಡಬ್ಬಕ್ಕೆ ತುಂಬಿ, "ಮನ್ಯಾಗ ಇವು ಬ್ಯಾಡ, ಡೋರೀನಗ ಕೊಟ್ಟು ಬರೋಣು," ಎಂದು ಅವನನ್ನು ಕರೆದೊಯ್ದರು. ಆಕೆಯ ಮನೆಗೆ ಹೋಗುವ ದಾರಿ ಮೈದಾನದ ಪಕ್ಕದಲ್ಲೇ. ಹಿಮ ಕರಗಿ, ಮೊಟ್ಟೆಯಾಕಾರದ ಹಳ್ಳದಲ್ಲಿ ಕೆಸರುನೀರು ನಿಂತಿತ್ತು. ರೇಸಿನ ಕಾಲ ಮುಗಿದು ತಿಂಗಳ ಮೇಲಾಗಿತ್ತು.

ಬೇಲಿಯ ಸುತ್ತ ಕಾರುಗಳಿದ್ದವು. ಬೇಲಿ ತುಂಬ, ರಸ್ತೆ ತುಂಬ, ಹೊಲದ ತುಂಬ. ಎಂಜಿನ್ನುಗಳು ಗುರುಗುಟ್ಟುತ್ತಿದ್ದವು, ದೀಪಗಳೆಲ್ಲ ನೀರಿನ ಕಡೆಗೆ. ಎಲ್ಲ ರೇಡಿಯೋಗಳೂ ಒಟ್ಟಿಗೆ ಬರೀ ಸುಯ್ ಎನ್ನುತ್ತಿದ್ದವು.

"ವಾಪಸ್ ತಿರುಗ್ಸಿ ಅಂಕಲ್," ಎಂದು ಶ್ರೀಕಂಠ ಪಿಸುಗುಟ್ಟಿದ.

ತಿರುಗಿಸುವಷ್ಟರಲ್ಲಿ ಪಕ್ಕದ ಟ್ರಕ್ಕಿನಿಂದ ಟೋಪಿಯವನೊಬ್ಬ ಇಳಿದು ಬಂದು ಕಿಟಕಿ ತಟ್ಟಿದ. ಶ್ರೀಕಂಠ ಗಾಜು ಇಳಿಸಿದ. ಅವನು ಶ್ರೀಕಂಠನ ಕಣ್ಣು ನೋಡಲಿಲ್ಲ, ಬಾಯಿ ನೋಡಿದ.

"ನೀನೇ ಅಲ್ವಾ? ಏನಾದ್ರೂ ಹೇಳು."

"ಏನೂ ಇಲ್ಲ ಹೇಳೋಕೆ," ಎಂದ ಶ್ರೀಕಂಠ, ತನ್ನದೇ ನಂಜನಗೂಡಿನ ಇಂಗ್ಲಿಷಿನಲ್ಲಿ. "ಅವರು ಹೋದರು."

ಟೋಪಿಯವನು ಆ ದನಿಯನ್ನು ತಲೆಯೋರೆ ಮಾಡಿ ಕೇಳಿಸಿಕೊಂಡ, ಒಳಗೆ ಇನ್ಯಾರಾದರೂ ಇದ್ದಾರೆಯೇ ಎಂದು ಬಾಗಿಲಿಗೆ ಕಿವಿಯಿಟ್ಟವನ ಹಾಗೆ.

"ಪರವಾಗಿಲ್ಲ," ಎಂದ. "ನಾವು ಇಲ್ಲೇ ಇರ್ತೀವಿ."