ಪತ್ರಾದ ಮೇಲಿನ ಕಲ್ಲು

ಏಳು ಕಡಲಾಚೆಯ ರಾಕ್ಷಸನ ಪ್ರಾಣ ಗಿಣಿಯೊಳಗಿತ್ತು ಎಂದು ಅಜ್ಜಿಯರು ಹೇಳುತ್ತಾರೆ. ಭಾಲ್ಕಿಯ ವೈಜಿನಾಥನ ಪ್ರಾಣ ಮನೆಯ ವಿಮೆಯೊಳಗಿತ್ತು. ಮಂಗ ಕಿಟಕಿಯ ಗಾಜು ಒಡೆದರೆ ಕ್ಲೇಮು, ಸಿಡಿಲಿಗೆ ಟಿ.ವಿ. ಕಣ್ಣು ಮುಚ್ಚಿದರೆ ಕ್ಲೇಮು. ಹೋದ ವರ್ಷ ಗಾಳಿ ಅಡುಗೆಮನೆಯ ಮಾಡಿಗೆ ಹೊದಿಸಿದ ತಗಡಿನ ಪತ್ರಾಗಳನ್ನು ಹಾರಿಸಿದಾಗಲಂತೂ ಅವನ ಮುಖದಲ್ಲಿ ಮದುಮಗನ ಕಳೆ. ಕಂಪನಿ ಕೊಟ್ಟ ಹಣ ಸೋಫಾ ಆಗಿ ಪಡಸಾಲೆಯಲ್ಲಿ ಕುಳಿತಿತು. ಹಾರಿದ ಪತ್ರಾಗಳು ಮಾತ್ರ ಮೊದಲಿನಂತೆ ಮೈಮೇಲೆ ಕಲ್ಲು ಹೊತ್ತು ಮಲಗಿದವು.

“ಬೋಲ್ಟ್ ಹಾಕಸ್ರಿ ಅಂದ್ರ ಕಲ್ಲ ಹೇರ್ತೀರಲ್ರಿ,” ಎಂದಳು ಹೆಂಡತಿ ಹೀರಾಬಾಯಿ.

“ನಮ್ಮಪ್ಪನೂ ಕಲ್ಲೇ ಇಟ್ಟಿದ್ದ. ವಿಮಾ ಅದಲ್ಲ, ಯಾಕ ಅಂಜ್ತಿ?”

ಆ ವಿಮೆಯೇ ಮುಗಿಯುವುದರಲ್ಲಿತ್ತು. ಇಷ್ಟು ಕ್ಲೇಮು ಹಾಕಿದ ಮನೆಯನ್ನು ನೋಡದೆ ನವೀಕರಿಸುವುದಿಲ್ಲ ಎಂದು ಕಂಪನಿ ಫೋನು ಮಾಡಿತು. ಬೀದರದಿಂದ ಸರ್ವೇಯರ್ ಜುಲ್ಫೀಕಾರ ಬರುವವರಿದ್ದರು. ಮಳೆಗಾಲ ಬಾಗಿಲಿಗೆ ಬಂದಿತ್ತು. ವಿಮೆ ಹೋದರೆ ಮುಂದಿನ ಗಾಳಿಗೆ ತನ್ನ ಒಲೆಯ ಮೇಲೆ ಬರೀ ಆಕಾಶ ಎಂದು ಹೀರಾಬಾಯಿಗೆ ದಿಗಿಲು.

ವೈಜಿನಾಥ ನಿಶ್ಚಿಂತ. ಔರಾದಿನ ಹೊಲದ ಮನೆ ಮಳೆಗೆ ಬಿರಿದಾಗ, ಸರ್ಕಾರದ ಪರಿಹಾರದ ಸರ್ವೇಗೆ ಬಂದವರಿಗೆ ಬಿರುಕನ್ನು ಬೆರಳಿನಿಂದ ಅಗಲಿಸಿ ತೋರಿಸಿ ಗೆದ್ದ ಅನುಭವಿ ಅವನು. ಹಾಳು ಹೆಚ್ಚು ಕಂಡಷ್ಟೂ ಕರುಣೆ ಹೆಚ್ಚು ಎಂಬುದು ಅವನ ಶಾಸ್ತ್ರ. ಸರ್ವೇಯರ್ ಬರುವ ದಿನ ಬೆಳಿಗ್ಗೆ ಎದ್ದವನೇ ಪತ್ರಾದ ಮೇಲಿನ ಕೆಲವು ಕಲ್ಲುಗಳನ್ನೂ ಇಳಿಸಿದ.

“ನೋಡ್ರಿ ಸಾಹೇಬ್ರ! ಗಾಜ ಒಡದದ್ದು ಹಂಗೇ ಅದ, ಪತ್ರಾ ಅಲಗಾಡ್ತದ. ಒಂದೂ ರಿಪೇರಿ ಆಗಿಲ್ರಿ!” ಎಂದು ಎದೆಯುಬ್ಬಿಸಿ, ಬಂದ ಜುಲ್ಫೀಕಾರರನ್ನು ಮನೆಯೆಲ್ಲ ಸುತ್ತಾಡಿಸಿದ.

ಜುಲ್ಫೀಕಾರ ಚಹಾ ಕೆಳಗಿಟ್ಟರು. “ಅರೆ ಭಾಯ್, ನಾ ಪರಿಹಾರ ಕೊಡ್ಲಾಕ ಬಂದಿಲ್ರಿ. ರೊಕ್ಕ ತಗೊಂಡೂ ರಿಪೇರಿ ಮಾಡದ ಮನಿಗಿ ಮತ್ತ ವಿಮಾ ಹ್ಯಾಂಗ ಕೊಡಬೇಕ್ರಿ?”

ವೈಜಿನಾಥ ಸೋಫಾದ ಕಡೆ ನೋಡಿದ.

“ಎಲ್ಲಾ ಬಿಗಿ ಮಾಡಸಿದ್ರ, ಸಾಹೇಬ್ರ?” ಹೀರಾಬಾಯಿ ಕೇಳಿದಳು.

“ಬೋಲ್ಟ್ ಹಾಕ್ರಿ, ಗಾಜ ಕೂಡಸ್ರಿ, ಫೋಟೋ ಕಳಸ್ರಿ ಅಕ್ಕಾ. ಅಲ್ಲೀತನಕ ರಿಪೋರ್ಟ್ ತಡದ ಇಡ್ತೇನಿ. ಇನ್ಮ್ಯಾಲ ಸಣ್ಣಪುಟ್ಟದ್ದು ನೀವೇ ಮಾಡ್ಕೋರಿ. ಮಂಗ್ಯಾ ಮಾಡಿದ್ದಕ್ಕೆಲ್ಲಾ ಕ್ಲೇಮ್ ಹಾಕಿದ್ರ ಕಂಪನಿ ಬೇಸತ್ತು ಕೈ ಬಿಡ್ತದ.”

ಮರುದಿನ ಸೋಫಾ ಮಾರಾಟವಾಗಿ ಎದುರು ಮನೆಗೆ ಹೋಯಿತು. ಬೋಲ್ಟು, ಗಾಜು ಈ ಮನೆಗೆ ಬಂದವು. ಹೀರಾಬಾಯಿ ನಿಂತು ಗಾಜು ಕೂರಿಸಿದಳು. ವೈಜಿನಾಥ ಗೊಣಗುತ್ತ ಮೇಲೆ ಹತ್ತಿ ಕಲ್ಲು ಸರಿಸುವಾಗ ಒಂದು ಜಾರಿ ಬಿದ್ದು ಅಂಗಳದ ತುಳಸಿ ಕುಂಡವನ್ನು ಒಡೆಯಿತು.

“ಹೀರಾ, ಲಗೂನ ಫೋಟೋ ತೆಗಿ! ಕ್ಲೇಮ್ ಹಾಕಮು!”

ಅವಳು ಅವನು ಹತ್ತಿದ್ದ ನಿಚ್ಚಣಿಕೆಯನ್ನು ಎತ್ತಿ ಬೇವಿನ ಮರಕ್ಕೆ ಒರಗಿಸಿದಳು.

“ಏ, ಅದನ್ಯಾಕ ಒಯ್ದಿ?”

“ಕಡೀ ಬೋಲ್ಟ್ ಬಿಗಿ ಆಗ್ಲಿ. ಆಮ್ಯಾಲ ಫೋಟೋ ತೆಗೀತೇನಿ.”

ಸಂಜೆ ಫೋಟೋ ಹೋಯಿತು. ಗಟ್ಟಿ ಕೂತ ಪತ್ರಾ, ಅದರ ಮೂಲೆಯಲ್ಲಿ ಮೊಣಕಾಲು ಅಪ್ಪಿ ಕುಳಿತ ವೈಜಿನಾಥ. ಜುಲ್ಫೀಕಾರರ ಉತ್ತರ ಕೂಡಲೇ ಬಂತು: “ಮಂಜೂರ್ ಮಾಡಸ್ತೇನ್ರಿ ಅಕ್ಕಾ. ಮ್ಯಾಲ ಕುಂತವ್ರನ್ನ ಇನ್ನ ಇಳಸ್ರಿ.”