ಮುಕ್ತಾರನ ಗೇಣು

ಶಿಕಾರಿಪುರದಲ್ಲಿ ಗಾಜು, ಅಲ್ಯೂಮಿನಿಯಂ ಕೆಲಸ ಮಾಡುವ ಮುಕ್ತಾರ್ ಅಹಮದ್ ಕೈಯಲ್ಲಿ ಟೇಪು ಹಿಡಿದದ್ದನ್ನು ಕಂಡವರು ಕಡಿಮೆ. ಕಿಟಕಿಯ ಮುಂದೆ ನಿಂತು, ಹೆಬ್ಬೆರಳು ಕಿರುಬೆರಳು ಚಾಚಿ ನಾಲ್ಕು ಸಲ ಗೇಣು ಹಾಕಿದನೆಂದರೆ ಅಳತೆ ಮುಗಿಯಿತು. "ಟೇಪು ಹುಟ್ಟೋಕೆ ಮುಂಚೆ ಮನುಷ್ಯನ ಕೈ ಹುಟ್ಟೈತೆ" ಎನ್ನುತ್ತಿದ್ದ. ಇಪ್ಪತ್ತೆಂಟು ವರ್ಷ ಹೀಗೇ ನಡೆದಿತ್ತು. ತಪ್ಪಿದಾಗಲೂ ನಡೆದಿತ್ತು, ಯಾಕೆಂದರೆ ತಪ್ಪಿದೆ ಎಂದು ಅವನ ಮುಖಕ್ಕೆ ಹೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಆರಡಿ ಆಳು, ಮೂಗಿನ ತುದಿಯಲ್ಲೇ ಸಿಟ್ಟು.

ಕೊರೊನಾ ಬಂದ ಮೊದಲ ವರ್ಷ, ಜುಲೈ ತಿಂಗಳ ಒಂದು ಭಾನುವಾರ. ಊರಿಗೆ ಊರೇ ಬಾಗಿಲು ಹಾಕಿತ್ತು. ಮುಕ್ತಾರ್ ಒಂದು ಸಣ್ಣ ನರ್ಸಿಂಗ್ ಹೋಮಿನ ಓಣಿಯಂಥ ಹಾದಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಎದುರಿಗೆ ಸ್ಟ್ರೆಚರ್ ಮೇಲೆ ಅವನ ಹೆಂಡತಿ ಶಹಜಹಾನ್ ಬೇಗಂ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು. ಸೊರಬದ ತವರಿಗೆ ಹೋಗಿ ಬಂದು ಮೂರು ದಿನವಾಗಿತ್ತು. ಬಂದ ದಿನದಿಂದಲೇ ಮೈ ಬೆಚ್ಚಗೆ, ಒಣ ಕೆಮ್ಮು. ಇವತ್ತು ಬೆಳಗಿನಿಂದ ಹೊಕ್ಕಳ ಹತ್ತಿರದ ಹಳೇ ಹರ್ನಿಯಾ ಕಲ್ಲಿನಂತಾಗಿ, ಕುಡಿದ ನೀರೂ ವಾಂತಿಯಾಗುತ್ತಿತ್ತು.

"ಕರುಳು ಸಿಕ್ಕೊಂಡಿದೆ ಮುಕ್ತಾರ್. ಇನ್ನೆರಡು ತಾಸು ತಡ ಆದ್ರೆ ಒಳಗೇ ಕೊಳೀತದೆ" ಎಂದಿದ್ದರು ಸರ್ಜನ್ ಮಹೇಶ್ವರಪ್ಪ. "ಪೂರ್ತಿ ಪ್ರಜ್ಞೆ ತಪ್ಪಿಸಿ, ಗಂಟಲಿಗೆ ಟ್ಯೂಬು ಹಾಕಿಯೇ ಮಾಡ್ಬೇಕು. ನಯನ ಮೇಡಂಗೆ ಫೋನ್ ಮಾಡಿದೀನಿ, ಸೊರಬದಿಂದ ಹೊರಟಿದಾರೆ. ಜ್ವರ, ಕೆಮ್ಮು ಏನಾದ್ರೂ ಇದೆಯಾ ಮನೇರಿಗೆ?"

"ಇಲ್ಲ ಸಾರ್" ಎಂದುಬಿಟ್ಟಿದ್ದ ಮುಕ್ತಾರ್.

ಪಕ್ಕದಲ್ಲಿದ್ದ ಮಗಳು ಶಾಹೀನ್ ತಂದೆಯ ಮುಖ ನೋಡಿ ತಲೆ ತಗ್ಗಿಸಿದ್ದಳು. ಸುಳ್ಳು ಅಂತ ಅವನಿಗೂ ಗೊತ್ತಿತ್ತು. ಕೆಮ್ಮು ಇದೆ ಎಂದವರನ್ನು ಶಿವಮೊಗ್ಗಕ್ಕೆ ಸಾಗಹಾಕುತ್ತಿದ್ದರು. ಹಿಂದಿನ ವಾರ ಹಾಗೆ ಹೋದ ಪಕ್ಕದ ಬೀದಿಯ ಮುದುಕ ಆಂಬುಲೆನ್ಸಿನಲ್ಲೇ ಕಣ್ಣು ಮುಚ್ಚಿದ್ದ.

ಡಾಕ್ಟರ್ ನಯನ ಬಂದರು. ಗಿಡ್ಡ ಹೆಂಗಸು, ಐದಡಿಗೆ ಎರಡು ಬೆರಳು ಕಡಿಮೆಯೇ. ಆಗ ಎರಡೂ ತಾಲ್ಲೂಕಿಗೆ ಕರೆದಾಗ ಬರುವ ಅರಿವಳಿಕೆ ಡಾಕ್ಟರೆಂದರೆ ಅವರೊಬ್ಬರೇ. ಮುಕ್ತಾರನನ್ನು ನೋಡಿ ಒಂದು ಕ್ಷಣ ತಡೆದು, "ನಿಮ್ಮ ಮನೆಯವರಾ? ಗಾಬರಿ ಆಗ್ಬೇಡಿ. ಕಾರಿನ ಹಿಂದಿನ ಸೀಟಿನಲ್ಲಿ ಡಬ್ಬ ಇದೆ, ತಗೊಂಡ್ಬನ್ನಿ" ಎಂದು ಒಳಗೆ ನಡೆದರು.

ಆ ಡಬ್ಬ ಮುಕ್ತಾರನೇ ಮಾಡಿಕೊಟ್ಟದ್ದು. ರೋಗಿಯ ಗಂಟಲಿಗೆ ಟ್ಯೂಬು ಹಾಕುವಾಗ ಉಸಿರು ಡಾಕ್ಟರ ಮುಖಕ್ಕೇ ಹೊಡೆಯುತ್ತದೆ. ಅದಕ್ಕೆ ತಲೆಯ ಮೇಲೆ ಕವುಚುವ ಅಕ್ರಿಲಿಕ್ ಪೆಟ್ಟಿಗೆ, ಹಿಂದಿನಿಂದ ಕೈ ತೂರಿಸಲು ಎರಡು ತೂತು. ಏಪ್ರಿಲಿನಲ್ಲಿ ಮೇಡಂ ಮೊಬೈಲಿಗೆ ಒಂದು ಚಿತ್ರ ಕಳಿಸಿದ್ದರು. ಚಿತ್ರದ ಅಂಚಿನಲ್ಲಿ ಸೆಂಟಿಮೀಟರ್ ಲೆಕ್ಕ ಬರೆದಿತ್ತು. ಮುಕ್ತಾರ್ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಅಂಗಡಿಯ ಟೇಬಲಿನ ಮೇಲೆ ತಮ್ಮನ ಮಗ ನಯಾಜ್‌ನನ್ನು ಮಲಗಿಸಿ, ಗೇಣು ಹಾಕಿ, ತನ್ನ ಕೈ ತೂರಿಸಿ ನೋಡಿ, ಒಂದೇ ದಿನದಲ್ಲಿ ಕೊಯ್ದು ಅಂಟಿಸಿ ಕೊಟ್ಟಿದ್ದ. ಬಿಟ್ಟಿಯಾಗಿ ಕೊಟ್ಟಿದ್ದ. ಊರೆಲ್ಲ ಹೊಗಳಿತ್ತು.

ಕಾರಿನಿಂದ ಡಬ್ಬ ತೆಗೆಯುವಾಗ ಅವನ ಕೈ ನಿಂತಿತು. ತೂತುಗಳ ಕೆಳಂಚಿಗೆ ಯಾರೋ ಬ್ಯಾಂಡೇಜ್ ಬಟ್ಟೆ ಸುತ್ತಿ ಪ್ಲಾಸ್ಟರ್ ಹಚ್ಚಿದ್ದರು. ಬಟ್ಟೆ ಸವೆದು ಕಪ್ಪಾಗಿತ್ತು. ದಿನಾ ತೋಳು ಉಜ್ಜಿದ ಗುರುತು.

ಥಿಯೇಟರಿನ ಬಾಗಿಲಲ್ಲಿ ಆಯಾ ಹುಲಿಯಮ್ಮ ಕಾಯುತ್ತಿದ್ದಳು. ಒಂದು ಕೈಯಲ್ಲಿ ಕುಂಟುವ ಮರದ ಮಣೆ.

"ಮಣೆ ಯಾಕೆ ಹುಲಿಯಮ್ಮ?"

"ಇನ್ಯಾಕ್ರಿ ಸಾಬ್ರೆ? ನಿಮ್ಮ ಡಬ್ಬದ ತೂತು ಮುಗಿಲಿಗೆ ಐತಲ್ಲ! ಡಾಕ್ಟ್ರಮ್ಮ ಇದರ ಮ್ಯಾಲೆ ನಿಂತ್ರೇನೆ ಕೈ ಎಟುಕೋದು. ಅದೂ ಅರ್ಧ."

"ನಂಗೆ ಹೇಳಿಲ್ಲಲ್ಲ ಯಾರೂ!"

"ಹೇಳಿದ್ರಂತಲ್ಲ. ನೀವು ಬೈದ್ರಂತೆ." ಹುಲಿಯಮ್ಮ ದನಿ ಇಳಿಸಿದಳು. "ಹೋದ ವಾರ ಉಡುತಡಿಯೋನು ಒಬ್ಬ ಬಂದಿದ್ದ, ದಪ್ಪ ಆಳು. ಟ್ಯೂಬು ಹೋಗ್ಲೇ ಇಲ್ರಿ. ತುಟಿ ನೇರಳೆಹಣ್ಣು ಆಗಿತ್ತು. ಆ ಬೆರಳಿಗೆ ಹಾಕೋ ಮಿಷನ್ ಐತಲ್ಲ, ಟಿಂಕ್ ಟಿಂಕ್ ಅಂತದೆ, ಉಸಿರು ಕಮ್ಮಿ ಆದಂಗೆ ಅದರ ದನಿ ದಪ್ಪ ಆಗ್ತದೆ. ಹಂಗೇ ಇಳೀತಾ ಹೋತು, ಇಳೀತಾ ಹೋತು... ಹೆಂಗೋ ಉಳ್ಕಂಡ. ಆಮ್ಯಾಕೆ ಡಾಕ್ಟ್ರಮ್ಮ ಬಚ್ಚಲಿಗೆ ಹೋಗಿ ಅತ್ತರು."

ಮುಕ್ತಾರನಿಗೆ, ಡಬ್ಬ ಕೊಟ್ಟಮೇಲೆ ಬಂದಿದ್ದ ಆ ಫೋನು ನೆನಪಾಯಿತು. "ಕೈ ಸ್ವಲ್ಪ ಎಟುಕಲ್ಲ ಮುಕ್ತಾರ್ ಅವರೇ, ಆಳ ಒಂಚೂರು ಜಾಸ್ತಿ ಆಯ್ತೇನೋ" ಎಂದಿದ್ದರು ಮೇಡಂ, ತಪ್ಪು ತಮ್ಮದೇ ಎಂಬ ಹಾಗೆ. ಇವನು ಸಿಡಿದಿದ್ದ: "ನಂಗೇ ಅಳತೆ ಕಲಿಸ್ತೀರೇನ್ರಿ? ಬೇಡ ಅಂದ್ರೆ ಬಿಸಾಕಿ, ಬೆಂಗಳೂರಿಂದ ತರಿಸ್ಕಳ್ರಿ!" ಮೇಡಂ, "ಇಲ್ಲ ಇಲ್ಲ, ಚೆನ್ನಾಗೇ ಇದೆ" ಎಂದು ಫೋನ್ ಇಟ್ಟಿದ್ದರು.

ಉಡುತಡಿಯವನು ದಪ್ಪ ಆಳಂತೆ. ಮುಕ್ತಾರ್ ಹೆಂಡತಿಯ ಕಡೆ ನೋಡಿದ. ಶಹಜಹಾನಳ ಕುತ್ತಿಗೆ ಮೊದಲೇ ಗಿಡ್ಡ. ಎರಡು ಹೆರಿಗೆಯ ನಂತರ ಗದ್ದದ ಕೆಳಗೆ ಕುತ್ತಿಗೆಯೇ ಕಾಣುತ್ತಿರಲಿಲ್ಲ. ನಯಾಜ್‌ನೋ ಬಿದಿರುಕಡ್ಡಿ.

ಡಬ್ಬ ಕೆಳಗಿಟ್ಟು ನೆಟ್ಟಗೆ ಒಳಗೆ ನುಗ್ಗಿದ. ನಯನ ಮೇಡಂ ಬಿಳಿಯ ಪಿಪಿಇ ಕಿಟ್ಟಿನೊಳಗೆ ಒಂದು ಕಾಲು ಹಾಕಿ ನಿಂತಿದ್ದರು.

"ಮೇಡಂ, ಆ ಡಬ್ಬ ಬೇಡ."

"ಯಾಕೆ?"

ಮುಕ್ತಾರನ ಬಾಯಿಂದ ಈ ಮಾತು ಈವರೆಗೆ ಬಂದದ್ದೇ ಇಲ್ಲ. "ಅಳತೆ ತಪ್ಪೈತೆ. ನೀವು ಬರೆದ ಲೆಕ್ಕ ನಾನು ನೋಡ್ಲೇ ಇಲ್ಲ. ನನ್ನ ಕೈಗೆ ಕೊಯ್ದೆ."

ಮೇಡಂ ಅವನನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸರಿ. ನಂಗೂ ಇವತ್ತು ಅದರ ಭಯಾನೇ ಇತ್ತು, ನಿಮ್ಮ ಮನೆಯವರ ಕುತ್ತಿಗೆ ಸಲೀಸಿಲ್ಲ. ಹೇಗೂ ಜ್ವರ, ಕೆಮ್ಮು ಇಲ್ಲ ಅಂದ್ರಂತಲ್ಲ? ಹಾಗಿದ್ರೆ ಡಬ್ಬ ಬಿಟ್ಟೇ ಮಾಡ್ತೀನಿ. ಹೋಗಿ, ಕೂತ್ಕೊಳ್ಳಿ."

ಕೇಳಿದ್ದು ಸಿಕ್ಕಿತ್ತು. ತೆಪ್ಪಗೆ ಹಿಂದಕ್ಕೆ ತಿರುಗಿದರೆ ಮುಗಿಯಿತು. ಮುಕ್ತಾರ್ ತಿರುಗಿದ ಕೂಡ. ಎರಡು ಹೆಜ್ಜೆ ಇಟ್ಟ. ಬಾಗಿಲ ಆಚೆ ಶಹಜಹಾನ್ ಕೆಮ್ಮಿದಳು, ಕೆಮ್ಮನ್ನು ಸೆರಗಿನಲ್ಲಿ ಅದುಮಿದಳು. ಗಂಡ ಹಾಗೆ ಮಾಡು ಎಂದು ಹೇಳಿಕೊಟ್ಟಿದ್ದ.

ಆ ಗಿಡ್ಡ ಹೆಂಗಸು ಈಗ ಹೋಗಿ ಇವಳ ಬಾಯಿಯ ಮೇಲೆ ಬಗ್ಗುತ್ತಾಳೆ. ಒಂದು ಗೇಣು ದೂರದಲ್ಲಿ.

"ಮೇಡಂ." ಗೋಡೆಯ ಕಡೆ ಮುಖ ಮಾಡಿಯೇ ಹೇಳಿದ. "ಕೆಮ್ಮು ಐತೆ. ಮೂರು ದಿನದಿಂದ. ಜ್ವರಾನೂ ಐತೆ. ಬೆಳಿಗ್ಗೆ ಮಾತ್ರೆ ನುಂಗಿಸಿ ಕರ್ಕಂಡು ಬಂದೀನಿ."

ಥಿಯೇಟರಿನ ಒಳಗೆ ಏನೋ ಪಾತ್ರೆ ಸದ್ದಾಗಿ ನಿಂತಿತು. ಮಹೇಶ್ವರಪ್ಪ ಹೊರಗೆ ಬಂದು, "ಏನಯ್ಯಾ, ನಮ್ಮನ್ನೆಲ್ಲ ಕೊಲ್ಲೋಕೆ ಬಂದ್ಯಾ?" ಎಂದು ಗದರಿದರು. ಮುಕ್ತಾರ್ ಜೀವಮಾನದಲ್ಲಿ ಮೊದಲ ಸಲ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡ. ಶಿವಮೊಗ್ಗಕ್ಕೆ ಕಳಿಸೋಣ ಎಂದರೆ ಏನು ಮಾಡುವುದು? ಒಂದೂವರೆ ತಾಸಿನ ದಾರಿ, ಅಲ್ಲಿ ಹಾಸಿಗೆ ಸಿಗುವುದು ಅನುಮಾನ, ಒಳಗೆ ಕರುಳು ಕಪ್ಪಾಗುತ್ತಿದೆ.

ಮೇಡಂ ಕಣ್ಣು ಮುಚ್ಚಿ ನಿಂತಿದ್ದರು. ತೆರೆದಾಗ ದನಿ ಬೇರೆಯಾಗಿತ್ತು.

"ಸರ್, ನೀವು ಟ್ಯೂಬು ಹೋಗೋವರೆಗೂ ಹೊರಗಿರಿ. ಒಳಗೆ ನಾನು, ಹುಲಿಯಮ್ಮ ಇಬ್ಬರೇ. ಡಬ್ಬ ಇಟ್ಟು ಒಂದು ಸಲ ನೋಡ್ತೀನಿ. ಒಂದೇ ಸಲ. ಆಗ್ಲಿಲ್ಲ ಅಂದ್ರೆ 'ಎತ್ತು' ಅಂತೀನಿ, ಹುಲಿಯಮ್ಮ, ತಕ್ಷಣ ಎತ್ಬಿಡ್ಬೇಕು. ಹೋದ ವಾರದ ಹಾಗೆ ಎಳೆದಾಡೋದು ಬೇಡ. ನಮ್ಮಿಬ್ಬರಿಗೂ ಎರಡೆರಡು ಮಾಸ್ಕು, ಮೇಲೆ ಮುಖಕ್ಕೆ ಶೀಲ್ಡು."

"ಎತ್ತಿದ್ರೆ ನಿಮ್ಮ ಕೈ ಒಳಗಿರ್ತದಲ್ಲ ಮೇಡಂ" ಎಂದ ಮುಕ್ತಾರ್. "ಹಿಂದಕ್ಕೆ ಎಳೆದ್ರೆ ಸಿಕ್ಕೊಳ್ತದೆ. ನೀವು ಮೊದ್ಲು ಕೈ ತೆಗೀಬೇಕು, ಆಮ್ಯಾಲೆ ನೆಟ್ಟಗೆ ಮ್ಯಾಲಕ್ಕೆ. ಅದರ ತೂಕ ನಂಗೆ ಗೊತ್ತು. ತೋರಿಸ್ಲಾ?"

ಸ್ಟ್ರೆಚರ್ ಮೇಲೆಯೇ ತಾಲೀಮು ನಡೆಯಿತು. ಮುಕ್ತಾರ್ ತನ್ನ ಕೈಯಾರೆ ಹೆಂಡತಿಯ ತಲೆಯ ಮೇಲೆ ಡಬ್ಬ ಕವುಚಿದ. ಮುಂದಿನ ಅಂಚು ಅವಳ ಎದೆಗೆ ಒತ್ತಿ ನಿಂತಿತು. ಉಸಿರಿಗೆ ಅಕ್ರಿಲಿಕ್ ಮಬ್ಬಾಯಿತು, ಸರಿಯಿತು, ಮತ್ತೆ ಮಬ್ಬಾಯಿತು. ಆ ಮಬ್ಬಿನ ಹಿಂದಿನಿಂದ ಶಹಜಹಾನ್ ಗಂಡನನ್ನು ನೋಡಿದಳು.

"ಯಾಕೆ ಹಿಂಗೆ ಬೆವರ್ತಿದೀರಿ?" ಎಂದಳು. ದನಿ ಬಾವಿಯೊಳಗಿಂದ ಬಂದಂತಿತ್ತು.

"ಏನಿಲ್ಲ. ಅಳತೆ ನೋಡ್ತಿದೀನಿ."

"ನಮ್ಮನೆ ಅಡಿಗೆ ಕಪಾಟಿನ ಬಾಗ್ಲು ಹನ್ನೆರಡು ವರ್ಷದಿಂದ ಮುಚ್ಚಲ್ಲ" ಎಂದಳು ಶಹಜಹಾನ್, ನೋವಿಗೆ ಹಲ್ಲು ಕಚ್ಚಿಕೊಂಡೇ. "ಬಟ್ಟೆ ಸಿಗಿಸಿ ಮುಚ್ತೀನಿ. ನಿಮಗೆ ಹೇಳೋರ್ಯಾರು?"

ಹುಲಿಯಮ್ಮ ಮಾಸ್ಕಿನೊಳಗೆ ಕಿಸಕ್ಕೆಂದಳು. "ಇನ್ನೊಂದೇ ಸಲ ನೋಡೋಣ, ಎತ್ತು" ಎಂದರು ಮೇಡಂ. ಎತ್ತಿದಳು. ನೆಟ್ಟಗೆ ಬಂತು. ಸ್ಟ್ರೆಚರ್ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

ಮುಚ್ಚಿದ ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುವುದೊಂದೇ ಉಳಿದ ಕೆಲಸ. ಟಿಂಕ್, ಟಿಂಕ್, ಟಿಂಕ್. ಸಣ್ಣ ದನಿ, ಗಟ್ಟಿಮುಟ್ಟಾದ ದನಿ. "ಜೋರಾಗಿ ಉಸಿರು ತಗೊಳ್ಳಿ, ಇನ್ನೊಂದು, ಇನ್ನೊಂದು" ಎಂದು ಮೇಡಂ ಹೇಳುವುದು ಕೇಳಿತು. ಆಮೇಲೆ ಮಾತು ನಿಂತಿತು. ಹೆಂಡತಿಯ ಎಚ್ಚರ ಈಗ ಹೋಗಿರಬೇಕು. ಇನ್ನು ಅವಳಾಗಿ ಉಸಿರಾಡುವುದಿಲ್ಲ. ಟ್ಯೂಬು ಹೋಗುವವರೆಗೆ ಎದೆಯಲ್ಲಿ ತುಂಬಿಕೊಂಡಿದ್ದಷ್ಟೇ ಬಂಡವಾಳ. ಮಣೆ ಕುಂಟಿದ ಸದ್ದು, ಟಕ್. ಮತ್ತೆ ಟಕ್. ಪ್ಲಾಸ್ಟಿಕ್ ತೋಳು ಅಕ್ರಿಲಿಕ್ ಅಂಚಿಗೆ ಉಜ್ಜಿದ ಕಿರಗುಟ್ಟು. ಅವನ ಅಂಚು ಅದು. ಅರ ಹಾಕಿ ನುಣುಪು ಮಾಡದೆ ಬಿಟ್ಟದ್ದು.

ಶಾಹೀನ್ ಬಂದು ತಂದೆಯ ತೋಳು ಹಿಡಿದಳು. "ಅಬ್ಬಾ, ದನಿ..."

ದಪ್ಪವಾಗಿತ್ತು. ಟುಂಕ್. ಇನ್ನೊಂದು ಮೆಟ್ಟಿಲು ಕೆಳಗೆ. ಟುಂಕ್. ಬಾವಿಗೆ ಬಿಟ್ಟ ಕೊಡದಂತೆ ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು. ಮುಕ್ತಾರ್ ದುವಾ ಮಾಡಲು ಹೋದ. ಬಾಯಿಗೆ ಬಂದದ್ದು ಒಂದೇ ಮಾತು. ಎತ್ತು. ಎತ್ತು. ಎತ್ತೇ ಹುಲಿಯಮ್ಮ.

"ಎತ್ತು!" ಎಂದರು ಒಳಗಿನಿಂದ.

ದಡಾರ್ ಎಂದು ಡಬ್ಬ ನೆಲಕ್ಕೆ ಬಿತ್ತು. ಅದೇ ಹೊತ್ತಿಗೆ ಟುಂಕ್, ಟುಂಕ್ ಇನ್ನೂ ಕೆಳಗಿಳಿದು, ಕಪ್ಪೆ ವಟಗುಟ್ಟಿದ ಹಾಗಾಗಿ, ಮುಕ್ತಾರನ ಕೈಗಳು ತಾವಾಗಿಯೇ ಬಾಗಿಲಿನ ಮೇಲೆ ಚಾಚಿಕೊಂಡವು, ಹೆಬ್ಬೆರಳಿನಿಂದ ಕಿರುಬೆರಳಿಗೆ, ಗೇಣು ಹಾಕುವವನ ಹಾಗೆ. ಎಷ್ಟು ಹೊತ್ತು? ಅವನಿಗೆ ತಿಳಿಯದು. ಅಷ್ಟರಲ್ಲಿ ಮೇಡಂ ದನಿ: "ಹೋಯ್ತು. ಹೋಯ್ತು ಹುಲಿಯಮ್ಮ, ಗಾಳಿ ಬಲೂನು ಒತ್ತು."

ದನಿ ಕೂಡಲೇ ಏರಲಿಲ್ಲ. ಇನ್ನೂ ನಾಲ್ಕು ಬಡಿತ ಅಲ್ಲೇ ತಳದಲ್ಲಿತ್ತು. ಆಮೇಲೆ ಒಂದು ಮೆಟ್ಟಿಲು ಮೇಲೆ. ಮತ್ತೊಂದು. ಟಿಂಕ್.

ಎರಡು ತಾಸಿನ ಮೇಲೆ ನಯನ ಮೇಡಂ ಹೊರಗೆ ಬಂದರು. ಮೂಗಿನ ಮೇಲೆ ಮಾಸ್ಕಿನ ಬರೆ ಎದ್ದಿತ್ತು. "ಕರುಳು ಉಳೀತು, ಅವರೂ ಉಳಿದ್ರು" ಎಂದರು. ಮುಕ್ತಾರ್, "ನೀವು ಮೇಡಂ?" ಎಂದ. "ಒಂದು ವಾರ ಗೊತ್ತಾಗಲ್ಲ" ಎಂದು ದೂರದಿಂದಲೇ ಹೇಳಿ ಕಾರು ಹತ್ತಿದರು. ಡಬ್ಬ ಕೇಳಲಿಲ್ಲ.

ಮೂರನೇ ದಿನ ಶಹಜಹಾನಳ ರಿಪೋರ್ಟು ಬಂತು: ಪಾಸಿಟಿವ್. ಅವಳನ್ನು ಅಲ್ಲೇ ಬೇರೆ ಕೋಣೆಗೆ ಹಾಕಿದರು. ಮುಕ್ತಾರನ ಮನೆ ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿದರು. ಹುಲಿಯಮ್ಮ ತನ್ನ ಮನೆಯಲ್ಲಿ, ಮೇಡಂ ಸೊರಬದ ತಮ್ಮ ಮನೆಯ ಮಹಡಿಯಲ್ಲಿ, ಒಬ್ಬೊಬ್ಬರೇ. ಮುಕ್ತಾರ್ ದಿನಾ ಬೆಳಿಗ್ಗೆ ಫೋನ್ ಮಾಡುತ್ತಿದ್ದ. "ಜ್ವರ ಇಲ್ಲ" ಎನ್ನುತ್ತಿದ್ದರು ಮೇಡಂ. ಮಾತು ಮುಗಿದರೂ ಇವನು ಫೋನ್ ಇಡುತ್ತಿರಲಿಲ್ಲ, ಕೆಮ್ಮು ಕೇಳಿಸೀತೇ ಎಂದು ಕಿವಿಗೊಟ್ಟಿರುತ್ತಿದ್ದ. ಮನೆಯೊಳಗೆ ಬೇರೇನೂ ತೋಚದೆ, ಶಾಹೀನ್ ಹುಡುಕಿ ಕೊಟ್ಟ ಟೇಪು ಹಿಡಿದು ಅಡಿಗೆ ಕಪಾಟಿನ ಬಾಗಿಲು ಬಿಚ್ಚಿದ. ಅರ್ಧ ಇಂಚು ತಪ್ಪಿತ್ತು. ಹನ್ನೆರಡು ವರ್ಷ.

ಆರನೇ ದಿನ ಮೇಡಂ ಫೋನ್ ಎತ್ತಲಿಲ್ಲ. ಹತ್ತು ಗಂಟೆಗೂ ಇಲ್ಲ, ಹನ್ನೊಂದಕ್ಕೂ ಇಲ್ಲ. ಹನ್ನೆರಡರ ಹೊತ್ತಿಗೆ ಅವರೇ ಮಾಡಿದರು.

"ನಿದ್ದೆ ಬಂದಿತ್ತು" ಎಂದರು. ದನಿ ಒಡೆದಿತ್ತು. "ಗಂಟಲು ಸ್ವಲ್ಪ ಕೆರೀತಿದೆ. ಬೆಳಿಗ್ಗೆ ಟೆಸ್ಟಿಗೆ ಮೂಗಿಂದ ಸ್ಯಾಂಪಲ್ ತಗೊಂಡು ಹೋಗಿದಾರೆ. ನಾಳಿದ್ದು ಗೊತ್ತಾಗ್ತದೆ. ನಿಮ್ಮನೆಯವರು ಹೇಗಿದಾರೆ?"

"ಗಂಜಿ ಕುಡಿದ್ಲಂತೆ ಮೇಡಂ." ಟೇಪು ಕೈಯಲ್ಲೇ ಇತ್ತು. "ಮೇಡಂ, ನೆಲದಿಂದ ನಿಮ್ಮ ಮೊಣಕೈಗೆ ಎಷ್ಟು ಬರ್ತದೆ?"

"ಇನ್ನೊಂದು ಡಬ್ಬ ಬೇಡಪ್ಪ!"

"ಡಬ್ಬ ಅಲ್ಲ. ಮಣೆ. ಆ ಮಣೆ ಕುಂಟ್ತದೆ. ಅಲ್ಯೂಮಿನಿಯಮ್ಮಿಂದು ಮಾಡ್ತೀನಿ, ಅಳ್ಳಾಡಲ್ಲ. ಸರಿ ಹೋಗ್ಲಿಲ್ಲ ಅಂದ್ರೆ ಹೇಳ್ರಿ. ಬೈರಿ."

"ತಡೀರಿ, ಅಳೆದು ಹೇಳ್ತೀನಿ" ಎಂದರು ಮೇಡಂ. ಫೋನನ್ನು ಎಲ್ಲೋ ಕೆಳಗಿಟ್ಟ ಸದ್ದಾಯಿತು. ಕುರ್ಚಿ ಸರಿದ ಸದ್ದು. ಆಮೇಲೆ ಕೆಮ್ಮು. ಒಂದು. ಸ್ವಲ್ಪ ಬಿಟ್ಟು ಇನ್ನೊಂದು, ಉದ್ದನೆಯದು.

ಮುಕ್ತಾರ್ ಟೇಪು ಎಳೆದು ಹಿಡಿದು, ಫೋನು ಕಿವಿಗೆ ಒತ್ತಿಕೊಂಡು, ಅಳತೆಗೆ ಕಾದು ಕೂತ.